ಬಂದರಿನಿಂದ ಬಂದರಿಗೆ, ಕಾಗಿನೆಲೆಯಿಂದ

ಹತ್ತೊಂಬತ್ತನೆಯ ಶತಮಾನದ ಮುಂಬಯಿ, ಲಿವರ್‌ಪೂಲ್ ಪೇಟೆಗಳಲ್ಲಿ ನಮ್ಮ ಸೀಮೆಯ ಹತ್ತಿಗೆ ‘ಕುಮಟಾ’ ಎಂಬ ಹೆಸರಿತ್ತು. ಹತ್ತಿ ಬೆಳೆಯುತ್ತಿದ್ದುದು ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ; ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಆಗ ಆ ಜಿಲ್ಲೆಯೊಳಗೇ ಇದ್ದವು. ಅರಳೆ ಹೇರಿದ ಚಕ್ಕಡಿಗಳು ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟೆಯ ಬಂದರು ಸೇರುತ್ತಿದ್ದವು. ಅಲ್ಲಿಂದ ಮುಂದಿನದು ಹಾಯಿಹಡಗಿನ ದಾರಿ. ಬೆಳೆದ ಊರಿನ ಹೆಸರು ಘಟ್ಟದ ಮೇಲೆಯೇ ಉಳಿಯಿತು, ಹತ್ತಿಸಿಕೊಂಡ ಬಂದರಿನ ಹೆಸರು ಲೋಕಕ್ಕೆ ಹೋಯಿತು.

1861ರಿಂದ 1865ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧ ಅಲ್ಲಿನ ಹತ್ತಿಯ ಸಾಗಣೆಯನ್ನು ಕಟ್ಟಿಹಾಕಿದಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಆಧಿಪತ್ಯದಿಂದ ತೆಗೆದು ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಧಾರವಾಡದ ಹತ್ತಿಗೆ ಕಾರವಾರದಲ್ಲಿ ಒಳ್ಳೆಯ ಬಂದರು ಕಟ್ಟಬೇಕೆಂಬ ವರ್ತಕರ ಒತ್ತಾಯವಿತ್ತು. 1880ರ ದಶಕದ ಕೊನೆಗೆ ರೈಲು ಹುಬ್ಬಳ್ಳಿಯ ಕಡೆಯಿಂದ ಗೋವೆಯ ಮರ್ಮಗೋವಾ ಬಂದರನ್ನು ಮುಟ್ಟಿತು. ಹತ್ತಿ ರೈಲು ಹತ್ತಿತು, ಕುಮಟೆ ಮಂಕಾಯಿತು, ಬಯಲುಸೀಮೆಯ ನಾವು ಕಡಲನ್ನು ಮರೆತೆವು. ಇಂದು ನಮ್ಮ ಕಡೆಯವರಿಗೆ ಕಡಲು ಎಂದರೆ ಗೋಕರ್ಣದಲ್ಲಿ ಒಂದು ಮುಳುಗು, ಮುರ್ಡೇಶ್ವರದಲ್ಲಿ ಒಂದು ಫೋಟೊ.

ಆ ಮರೆತ ದಾರಿಯನ್ನು ಮನೆಮಂದಿಯೆಲ್ಲ ಕೂಡಿ ಮತ್ತೆ ಹಿಡಿಯಬೇಕು, ಬಂದರಿನಿಂದ ಬಂದರಿಗೆ ದೋಣಿಯಲ್ಲಿಯೇ ಸಾಗಬೇಕು ಎಂಬ ಆಸೆ ನಮ್ಮ ಮನೆಯಲ್ಲಿ ಇಬ್ಬರಿಂದ ಹುಟ್ಟಿತು. ಮಗಳು ಐಎನ್ಎಸ್‌ವಿ ತಾರಿಣಿಯ ಕಥೆ ಓದಿದ್ದಳು. 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟ ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು ಆ ಹಾಯಿನೌಕೆಯಲ್ಲಿ ಭೂಮಿಯನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದ್ದರು. ಗೋವೆ ನಮಗೆ ಇಷ್ಟು ಹತ್ತಿರವಿರುವಾಗ ನಾವೇಕೆ ಹಾಯಿ ಹತ್ತಬಾರದು ಎಂದು ಅವಳು ಕೇಳಿದಳು. ಅವ್ವನ ಆಸೆ ಬೇರೆ. ಅವಳಿಗೆ ಉಡುಪಿಯಲ್ಲಿ ಕನಕನ ಕಿಂಡಿ ನೋಡಬೇಕಿತ್ತು.

ಕಾಗಿನೆಲೆಯವರಿಗೆ ಉಡುಪಿ ಬೇರೆ ಊರಲ್ಲ. ಬಾಡದಲ್ಲಿ ಹುಟ್ಟಿ ನಮ್ಮೂರಿನ ಆದಿಕೇಶವನನ್ನು ನಂಬಿದ ಕನಕದಾಸರು ಕೊನೆಗೆ ಹೋಗಿ ನಿಂತದ್ದು ಅಲ್ಲಿ, ಕೃಷ್ಣನ ಗುಡಿಯ ಹಿಂಬದಿಯಲ್ಲಿ. ಆ ಕೃಷ್ಣನಾದರೂ ಬಂದದ್ದು ಹಡಗಿನಲ್ಲಿ. ದ್ವಾರಕೆಯ ಕಡೆಯಿಂದ ಬರುತ್ತಿದ್ದ ಹಡಗು ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿತೆಂದೂ, ಮಧ್ವಾಚಾರ್ಯರು ಅದನ್ನು ದಡ ಸೇರಿಸಿದರೆಂದೂ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ಕೃಷ್ಣನ ಮೂರ್ತಿ ಇತ್ತೆಂದೂ ಉಡುಪಿಯ ಪರಂಪರೆ ಹೇಳುತ್ತದೆ. ಈ ಕಥೆ ಕೇಳಿದ ದಿನವೇ ಅವ್ವ ತೀರ್ಮಾನ ಕೊಟ್ಟಳು: “ಹಂಗಾದ್ರ ನಾವೂ ಕೃಷ್ಣ ಬಂದ ದಾರೀಲೇ ಹೋಗೂಣು.”

ನಕ್ಷೆ ಹರಡಿದೆವು. ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್. ಬಡಗಿನಿಂದ ತೆಂಕಿಗೆ ಕಾರವಾರ, ಬೇಲೆಕೇರಿ, ತದಡಿ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಹಂಗಾರಕಟ್ಟೆ, ಮಲ್ಪೆ, ಹಳೆಯ ಮಂಗಳೂರು ಹೀಗೆ ಬಂದರುಗಳ ಸಾಲು. ಬಹುಪಾಲು ಬಂದರುಗಳು ಒಂದೊಂದು ಹೊಳೆಯ ಬಾಯಲ್ಲಿ ಕೂತಿವೆ: ಕಾಳಿಗೆ ಕಾರವಾರ, ಅಘನಾಶಿನಿಗೆ ತದಡಿ, ಶರಾವತಿಗೆ ಹೊನ್ನಾವರ, ಪಂಚಗಂಗಾವಳಿಗೆ ಗಂಗೊಳ್ಳಿ, ಸೀತಾ-ಸುವರ್ಣೆಯರಿಗೆ ಹಂಗಾರಕಟ್ಟೆ. ಪೂರ್ವಕ್ಕೆ ಹರಿಯುವ ವರದೆಯನ್ನು ಮಾತ್ರ ಕಂಡ ನಮ್ಮ ಮಕ್ಕಳಿಗೆ, ಘಟ್ಟದ ಆಚೆ ಹುಟ್ಟಿದ ನೀರೆಲ್ಲ ಪಶ್ಚಿಮಕ್ಕೆ ಓಡಿ ಕಡಲು ಸೇರುವಲ್ಲಿ ಒಂದೊಂದು ಊರು ಕಟ್ಟಿದೆ ಎಂಬುದು ಆ ನಕ್ಷೆಯಲ್ಲಿ ಮೊದಲ ಸಲ ಕಂಡಿತು.

ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದರೆ ತದಡಿಯಿಂದ ಹೊನ್ನಾವರಕ್ಕೆ ಸುಮಾರು 30 ಕಿಲೋಮೀಟರ್, ಹೊನ್ನಾವರದಿಂದ ಭಟ್ಕಳಕ್ಕೆ 35ರ ಆಸುಪಾಸು, ಭಟ್ಕಳದಿಂದ ಗಂಗೊಳ್ಳಿಗೆ 40, ಗಂಗೊಳ್ಳಿಯಿಂದ ಮಲ್ಪೆಗೆ 33ರಷ್ಟು. ಹದವಾದ ಗಾಳಿಯಲ್ಲಿ ಸಣ್ಣ ಹಾಯಿನೌಕೆ ಗಂಟೆಗೆ ನಾಲ್ಕೈದು ನಾಟಿಕಲ್ ಮೈಲು, ಎಂದರೆ ಏಳರಿಂದ ಒಂಬತ್ತು ಕಿಲೋಮೀಟರ್ ಸಾಗುತ್ತದೆ. ಬೆಳಗಿನ ಜಾವ ಹೊರಟರೆ ಊಟದ ಹೊತ್ತಿಗೆ ಮುಂದಿನ ಬಂದರು. ಈ ಲೆಕ್ಕ ನಮ್ಮ ಕಾಗದದಲ್ಲಿ ಹುಟ್ಟಿದ್ದಲ್ಲ. ಹಾಯಿಯ ಕಾಲದಲ್ಲಿ ಒಂದು ಹಗಲಿನ ಅಂತರದಲ್ಲಿ ನೀರು, ಆಶ್ರಯ, ಸರಕು ಮೂರೂ ಸಿಗುವ ಜಾಗಗಳೇ ಬಂದರುಗಳಾಗಿ ಬೆಳೆದವು. ಕಾರವಾರದಿಂದ ಮಂಗಳೂರಿನವರೆಗೆ ಹೋಗಬೇಕೆಂದು ಮಗಳ ಹಟ. ವಯಸ್ಸಾದವರು, ಸಣ್ಣ ಮಕ್ಕಳು ಜೊತೆಗಿರುವ ಮನೆಗೆ ತದಡಿಯಿಂದ ಮಲ್ಪೆಯವರೆಗಿನ ನಾಲ್ಕು ಹೆಜ್ಜೆ ಸಾಕು ಎಂದು ಕೊನೆಗೆ ಒಪ್ಪಂದವಾಯಿತು.

ಯಾವಾಗ ಹೋಗುವುದು ಎಂಬ ಪ್ರಶ್ನೆಗೆ ಮೂರು ಪಂಚಾಂಗ ಕೂಡಬೇಕಿತ್ತು: ಹೊಲದ್ದು, ಶಾಲೆಯದ್ದು, ಕಡಲಿನದ್ದು. ಮಕ್ಕಳಿಗೆ ರಜೆ ಇರುವುದು ಬೇಸಿಗೆಯಲ್ಲಿ ಮತ್ತು ದಸರೆಗೆ. ಬೇಸಿಗೆಯ ಕೊನೆ ಕಡಲಿಗೆ ಕೆಟ್ಟ ಕಾಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಇದೇ ಕರಾವಳಿಯನ್ನು ಬಡಿದು ಹೋಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಶ್ರಾವಣದಲ್ಲಿ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜಿಸಿದ ಮೇಲೆಯೇ ಕರಾವಳಿಯವರು ಮತ್ತೆ ನೀರಿಗಿಳಿಯುವುದು. ದಸರೆಯ ಹೊತ್ತಿಗೆ ಮಳೆ ತಗ್ಗಿದರೂ ಅರಬ್ಬಿ ಸಮುದ್ರದಲ್ಲಿ ಎರಡನೆಯ ಚಂಡಮಾರುತದ ಕಾಲ ಶುರುವಾಗಿರುತ್ತದೆ. 2019ರ ಅಕ್ಟೋಬರಿನಲ್ಲಿ ಎದ್ದ ಕ್ಯಾರ್ ಅಂಥದ್ದು. ಡಿಸೆಂಬರ್ ನಡುವಿನಿಂದ ಫೆಬ್ರವರಿಯವರೆಗೆ ಕಡಲು ಸಾಮಾನ್ಯವಾಗಿ ಸಮಾಧಾನದಲ್ಲಿರುತ್ತದೆ. ಆದರೆ ಆಗಲೇ ನಮ್ಮಲ್ಲಿ ಮೆಣಸಿನಕಾಯಿ ಕೆಂಪಾಗುವುದು. ಕಾಯಿ ಬಿಡಿಸುವ ಆಳು ಬರುವ ಮುಂಚೆ, ಸಂಕ್ರಾಂತಿಯೊಳಗೆ ಮುಗಿಸುವುದು ಎಂದು ನಿಂತಿತು. ಮಕ್ಕಳ ಶಾಲೆಯವರು ಒಪ್ಪಿ ರಜೆ ಕೊಟ್ಟರು.

ಬಡಗಿನಿಂದ ತೆಂಕಿಗೇ ಏಕೆ ಹೋಗಬೇಕು ಎಂಬುದನ್ನು ಗಾಳಿ ತೀರ್ಮಾನಿಸುತ್ತದೆ. ಚಳಿಗಾಲದಲ್ಲಿ ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗಿರುತ್ತದೆ. ಅದರಿಂದ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಬಿಸಿಲೇರಿದಂತೆ ಅದು ನಿಲ್ಲುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದು, ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ತೆಂಕಿಗೆ ಹೋಗುವವರಿಗೆ ಅದು ಬೆನ್ನಿಗೆ, ಬಡಗಿಗೆ ಹೋಗುವವರಿಗೆ ಮುಖಕ್ಕೆ. ಹಾಯಿಯವರು ಬೆಳಗಿನ ನೆಲಗಾಳಿ ಹಿಡಿದು ಹೊರಟು, ಕಡಲಗಾಳಿ ಬಲಿಯುವ ಮೊದಲು ಅರ್ಧಕ್ಕಿಂತ ಹೆಚ್ಚು ದಾರಿ ಮುಗಿಸಿಕೊಳ್ಳುತ್ತಿದ್ದರು.

ಇನ್ನು ಅಳಿವೆ. ಹೊಳೆ ಕಡಲು ಸೇರುವ ಬಾಯಿಗೆ ಕರಾವಳಿಯವರು ಅಳಿವೆ ಎನ್ನುತ್ತಾರೆ. ಅಲೆ ತಂದ ಮರಳು ಮತ್ತು ಹೊಳೆ ತಂದ ಹೂಳು ಅಲ್ಲಿ ದಿಬ್ಬ ಕಟ್ಟುತ್ತವೆ. ದಿಬ್ಬ ಒಂದೇ ಕಡೆ ನಿಲ್ಲುವುದಿಲ್ಲ. ಉಬ್ಬರ-ಇಳಿತ ಆರಾರು ಗಂಟೆಗೊಮ್ಮೆ ಬದಲಾಗುತ್ತದೆ, ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದಕ್ಕೆ ಸರಿಯುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಜೋರಾಗುತ್ತದೆ. ಇಳಿತದಲ್ಲಿ ಹೊರಗೆ ನುಗ್ಗುವ ಹೊಳೆನೀರಿಗೆ ಎದುರಾಗಿ ಕಡಲಗಾಳಿಯ ಅಲೆ ಬಂದರೆ ಅಳಿವೆಯ ನೀರು ಗೋಡೆಯಾಗಿ ಏಳುತ್ತದೆ. ದೋಣಿಗಳು ಮಗುಚುವುದು ಬಹಳ ಸಲ ನಡುಗಡಲಿನಲ್ಲಲ್ಲ, ಮನೆ ಕಾಣುವಷ್ಟು ಹತ್ತಿರದ ಈ ಬಾಯಲ್ಲಿ. ಆದ್ದರಿಂದ ಏರುವ ಉಬ್ಬರದಲ್ಲಿ, ಗಾಳಿ ಬಲಿಯುವ ಮೊದಲು ಒಳಗೆ ಬರಬೇಕು. ಹೊರಡುವ ಗಂಟೆಯನ್ನು ಬರೆದಿಟ್ಟುಕೊಳ್ಳುವ ಮೊದಲು ಒಳಸೇರುವ ಗಂಟೆಯನ್ನು ಬರೆದಿಟ್ಟುಕೊಳ್ಳಬೇಕೆಂದು ನಮಗೆ ತಿಳಿದದ್ದು ಆಗ.

ಇಷ್ಟೆಲ್ಲ ಸಿದ್ಧವಾದ ಮೇಲೆ ಉಳಿದದ್ದು ದೋಣಿ. ತದಡಿಯಿಂದ ಮಲ್ಪೆಗೆ ಮನೆಮಂದಿಯನ್ನು ಹತ್ತಿಸಿಕೊಂಡು ಬಂದರಿನಿಂದ ಬಂದರಿಗೆ ಒಯ್ಯುವ ಹಾಯಿನೌಕೆ ನಮಗೆ ಸಿಗಲಿಲ್ಲ. ಎಂಜಿನ್ ಬಂದ ಮೇಲೆ ಹಾಯಿ ಇಳಿಯಿತು. 1970ರ ದಶಕದಲ್ಲಿ ಪರ್ಸೀನ್ ಬಲೆ ಬಂದ ಮೇಲೆ ಊರೆಲ್ಲ ಕೂಡಿ ಎಳೆಯುತ್ತಿದ್ದ ರಂಪಣಿ ಬಲೆಯೂ ಮೂಲೆ ಸೇರಿತು. ಮುಂಬಯಿಯಿಂದ ಬಂದರು ಬಂದರಿಗೆ ನಿಲ್ಲುತ್ತ ಬರುತ್ತಿದ್ದ ಆಗಬೋಟು, ಎಂದರೆ ಉಗಿಹಡಗು, ಹಿರಿಯರ ಮಾತಿನಲ್ಲಿ ಮಾತ್ರ ಉಳಿದಿದೆ. ಹೊಳೆಗಳಿಗೆ ಸೇತುವೆ ಬಿದ್ದವು, 1998ರ ಜನವರಿ 26ರಂದು ಕೊಂಕಣ ರೈಲಿನ ಪೂರ್ತಿ ಮಾರ್ಗ ತೆರೆಯಿತು, ಜನ ನೀರಿನ ದಾರಿ ಬಿಟ್ಟರು. ಮೀನಿನ ದೋಣಿಯಲ್ಲಿ ಹೋಗೋಣವೆಂದರೆ ಅವಕ್ಕೆ ಪ್ರವಾಸಿಗರನ್ನು ಹತ್ತಿಸಿಕೊಳ್ಳುವ ಪರವಾನಗಿ ಇರುವುದಿಲ್ಲ. ಅವರ ಅನ್ನದ ದೋಣಿಯನ್ನು ನಮ್ಮ ಹುಚ್ಚಿಗಾಗಿ ಕಾನೂನಿನ ತೊಡಕಿಗೆ ಸಿಕ್ಕಿಸುವುದು ತಪ್ಪು.

ಯೋಜನೆಯನ್ನು ಬಿಡಲಿಲ್ಲ, ತಿರುಗಿಸಿದೆವು. ಬಂದರಿನಿಂದ ಬಂದರಿಗೆ ಹೆದ್ದಾರಿಯಲ್ಲಿ. ಪ್ರತಿ ಬಂದರಿನಲ್ಲಿ ಪರವಾನಗಿ ಇರುವ ದೋಣಿಯಲ್ಲಿ ಅಥವಾ ಊರವರು ದಿನವೂ ದಾಟುವ ಕಡವಿನಲ್ಲಿ ನೀರಿಗೆ. ಗಾಳಿ-ಉಬ್ಬರದ ವೇಳಾಪಟ್ಟಿ ಮಾತ್ರ ಹಾಗೆಯೇ ಉಳಿಯಿತು. ಬೆಳಗ್ಗೆ ನೀರು, ಮಧ್ಯಾಹ್ನ ರಸ್ತೆ, ಸಂಜೆ ದಕ್ಕೆಯ ಮೇಲೆ ಮಾತು. ಹೈದರಾಬಾದಿನ ಇನ್‌ಕಾಯ್ಸ್ ಕೇಂದ್ರ ಮುಂದಿನ ದಿನಗಳ ಅಲೆಯ ಎತ್ತರ, ಗಾಳಿಯ ವೇಗವನ್ನು ಮುಂಚಿತವಾಗಿ ಪ್ರಕಟಿಸುತ್ತದೆ. ಅದನ್ನು ನಿತ್ಯ ಓದಿ ಹೇಳುವ ಕೆಲಸ ಮಗಳದು. ಬುತ್ತಿ ಅವ್ವನದು: ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ. ಹೋದಲ್ಲಿ ಕೊಡಲು ಹಾವೇರಿಯ ಏಲಕ್ಕಿ ಹಾರವೂ ಇತ್ತು.

ಹಾನಗಲ್ಲು, ಶಿರಸಿ ಹಾದು ದೇವಿಮನೆ ಘಟ್ಟದಲ್ಲಿ ಇಳಿಯುವಾಗ ಗಾಡಿ ನಿಲ್ಲಿಸಿದೆವು. ಹತ್ತಿಯ ಚಕ್ಕಡಿಗಳು ಇಳಿದದ್ದು ಈ ಕಣಿವೆಗೇ. ಎತ್ತಿನ ಕಾಲಿಗೆ ಈ ಇಳಿಜಾರು ಎಷ್ಟು ಕಷ್ಟವಿದ್ದಿರಬೇಕು ಎಂಬುದನ್ನು ರೈತನ ಮನೆಯವರಿಗೆ ಯಾರೂ ವಿವರಿಸಬೇಕಿಲ್ಲ. ಅವ್ವ ಕೇಳಿದ್ದು ಒಂದೇ ಪ್ರಶ್ನೆ: “ಮಳಿಗಾಲದಾಗ ಹೆಂಗ ಇಳಸ್ತಿದ್ರೋ?” ಇಳಿಸುತ್ತಿರಲಿಲ್ಲ. ಮಳೆಗಾಲದಲ್ಲಿ ಘಟ್ಟವೂ ಮುಚ್ಚುತ್ತಿತ್ತು, ಬಂದರೂ ಮುಚ್ಚುತ್ತಿತ್ತು. ಸುಗ್ಗಿ ಮುಗಿದ ಮೇಲೆ ಎರಡೂ ತೆರೆಯುತ್ತಿದ್ದವು.

ತದಡಿಯಲ್ಲಿ ಅಘನಾಶಿನಿ ಹರವಾಗಿ ಮಲಗಿದ್ದಾಳೆ. ಶಿರಸಿಯ ಬಳಿ ಹುಟ್ಟಿ ಅಣೆಕಟ್ಟಿನ ತಡೆಯಿಲ್ಲದೆ ಕಡಲಿಗೆ ಬರುವ ಹೊಳೆ ಇದು. 2024ರಲ್ಲಿ ಈ ಅಳಿವೆ ಪ್ರದೇಶಕ್ಕೆ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಮೀನಿನ ದಕ್ಕೆಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿ ದಾಟುತ್ತದೆ. ಶಾಲೆಯ ಮಕ್ಕಳು, ಸಂತೆಯ ಚೀಲ, ಸೈಕಲ್ ಎಲ್ಲವೂ ಅದರಲ್ಲಿ. ನಮ್ಮ ಕಿರಿಯವನು ಮೊದಲ ಸಲ ದೋಣಿಯ ಅಂಚು ಹಿಡಿದು ಕೂತ. ಪಕ್ಕದಲ್ಲಿದ್ದ ಅವನ ವಯಸ್ಸಿನ ಹುಡುಗಿ ನಿತ್ಯ ಹೀಗೆಯೇ ಶಾಲೆಗೆ ಹೋಗುವವಳು. ಅವನ ಹೆದರಿಕೆ ಕಂಡು ಅವಳು ತನ್ನ ಪಕ್ಕದ ಹಲಗೆಯ ನಡುಭಾಗ ಬಿಟ್ಟುಕೊಟ್ಟಳು.

ಇಳಿತದಲ್ಲಿ ಹೊಳೆಯ ನಡುವೆ ಎದ್ದ ಮರಳಿನ ಮೇಲೆ ಹೆಂಗಸರು, ಗಂಡಸರು ಬಗ್ಗಿ ಬಳಚು ಆರಿಸುತ್ತಿದ್ದರು. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬುಟ್ಟಿ ತುಂಬುವ ಈ ಕೆಲಸ ಎಷ್ಟೋ ಮನೆಗಳ ಅನ್ನ. ಹೊಳೆಯ ಬದಿಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ತಡೆದು ನಿಲ್ಲುವ ತಳಿ ಅದು. ಮಳೆ ಬಾರದೆ ಒಣಗುವ ಪೈರನ್ನು ಕಂಡ ನನ್ನ ತಮ್ಮನಿಗೆ ಉಪ್ಪುನೀರಿನಲ್ಲಿ ನಿಂತು ತೆನೆ ಬಿಡುವ ಭತ್ತ ದೊಡ್ಡ ಬೆರಗು. ಗದ್ದೆಯವರನ್ನು ಹುಡುಕಿ ಕೂತು ಬಿತ್ತನೆ, ಗೊಬ್ಬರ, ಇಳುವರಿ ಎಲ್ಲ ವಿಚಾರಿಸಿದ. ಹತ್ತಿರದಲ್ಲೇ ಸಾಣಿಕಟ್ಟೆಯ ಉಪ್ಪಿನಾಗರ. ಘಟ್ಟದ ಮೇಲಿನ ಊರುಗಳ ಸಾರಿಗೆ ರುಚಿ ಕೊಟ್ಟ ಉಪ್ಪು ಹುಟ್ಟಿದ ಬಯಲನ್ನು ಅವ್ವ ಬರಿಗಾಲಲ್ಲಿ ನಡೆದು ನೋಡಿದಳು.

ಅಲ್ಲಿನ ಹಿರಿಯರೊಬ್ಬರು ಹುಡುಗರಾಗಿದ್ದಾಗ ಮಚವೆಯೆಂಬ ಸರಕಿನ ಹಾಯಿದೋಣಿಯಲ್ಲಿ ಅಡುಗೆಯವರಾಗಿ ಮುಂಬಯಿಗೆ ಹೋಗಿಬಂದವರು. ಹೆಂಚು, ಸೌದೆ, ತೆಂಗಿನಕಾಯಿ ಹೇರಿಕೊಂಡು ಹೋಗುತ್ತಿದ್ದರಂತೆ. ನಮ್ಮ ಹಾಳೆಯ ಲೆಕ್ಕವನ್ನೆಲ್ಲ ಸಮಾಧಾನದಿಂದ ಕೇಳಿದರು, ಒಂದೆರಡು ಕಡೆ ತಿದ್ದಿದರು. “ಲೆಕ್ಕ ಸರಿ ಅದೆ ತಮಾ. ಆದ್ರೆ ತಾಂಡೇಲ ಬೇಡ ಅಂದ ದಿನ ಹೊರಡೂದಲ್ಲ. ಅವ ಯಾಕೆ ಬೇಡ ಅಂದ ಅಂತ ಕೇಳೂದೂ ಅಲ್ಲ.” ಆಕಾಶದ ಬಣ್ಣ, ನೀರಿನ ವಾಸನೆ, ಹಕ್ಕಿ ಹಾರುವ ಎತ್ತರ ಇವನ್ನೆಲ್ಲ ಕೂಡಿಸಿ ನೋಡುವ ತಾಂಡೇಲನ, ಎಂದರೆ ದೋಣಿ ನಡೆಸುವ ಮುಖ್ಯಸ್ಥನ, ಆ ಕಣ್ಣು ವರ್ಷಗಟ್ಟಲೆ ನೀರಿನಲ್ಲಿದ್ದವರಿಗೆ ಮಾತ್ರ ಬರುತ್ತದೆ. ಮೋಡ ನೋಡಿ ಬಿತ್ತನೆ ತಡೆಯುವ ನಮ್ಮ ಅಜ್ಜಂದಿರ ತಿಳಿವಳಿಕೆಯೂ ಅದೇ ಕುಲದ್ದು. ನಮ್ಮ ಯೋಜನೆಯ ಹಾಳೆಯಲ್ಲಿ ಅಂದೇ ಒಂದು ಖಾಲಿ ದಿನ ಸೇರಿಸಿದೆವು.

ಹೊನ್ನಾವರದಲ್ಲಿ ಬೆಳಗ್ಗೆಯೇ ಶರಾವತಿಗಿಳಿದೆವು. ಕಾಂಡ್ಲಾ ಗಿಡಗಳ ನಡುವಿನ ಕಿರುಗಾಲುವೆಗಳಲ್ಲಿ ದೋಣಿ ಸದ್ದಿಲ್ಲದೆ ಸರಿಯುತ್ತದೆ. ಗಿಡದ ಬೇರುಗಳು ನೀರಿನಿಂದ ಮೇಲೆದ್ದು ಉಸಿರಾಡುತ್ತವೆ, ಅವುಗಳ ಸಂದಿಯಲ್ಲಿ ಮೀನುಮರಿ, ಸೀಗಡಿ ಬೆಳೆಯುತ್ತವೆ. ಜೋಗದಲ್ಲಿ ಧುಮುಕುವ ನೀರೇ ಇದು ಎಂದರೆ ಮಕ್ಕಳು ನಂಬಲಿಲ್ಲ. ಪ್ರವಾಸಿ ಇಬ್ನ್ ಬತೂತ ಹದಿನಾಲ್ಕನೆಯ ಶತಮಾನದಲ್ಲಿ ಈ ಬಂದರಿಗೆ ಬಂದಿದ್ದ. ಇಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದವೆಂದು ಬರೆದಿಟ್ಟ. ಇಲ್ಲಿಂದ ತೆಂಕಿಗೆ ಬಸರೂರು, ಬಾರಕೂರು, ಮಂಗಳೂರುಗಳನ್ನು ಮುಟ್ಟುತ್ತ ಹೋದ ಅವನ ದಾರಿಯೇ ನಮ್ಮ ಹಾಳೆಯ ಮೇಲಿನ ದಾರಿ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಗೋವೆಯಿಂದ ಕಡಲ ಮೇಲೆ ಹೊನ್ನಾವರಕ್ಕೆ ಬಂದು, ಹೊಳೆಯಲ್ಲಿ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಹೋಗಿ, ಘಟ್ಟ ಹತ್ತಿ ಇಕ್ಕೇರಿ ಸೇರಿದ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಈ ಸೀಮೆಯ ಕಾಳುಮೆಣಸಿನ ವ್ಯಾಪಾರದ ಹಿಡಿತ ಅವಳ ಕೈಯಲ್ಲಿದ್ದುದರಿಂದ. ಹೊಳೆ, ಘಟ್ಟ, ಬಂದರು ಮೂರನ್ನೂ ಒಂದೇ ದಾರಿಯೆಂದು ಕಂಡವರು ರಾಜ್ಯ ಕಟ್ಟಿದರು.

ಭಟ್ಕಳದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆ ಇಳಿಯುತ್ತಿದ್ದ ಬಂದರು ಅದು. ಮೂಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದ ಹೊರಗೋಡೆಯ ಕೆತ್ತನೆಯನ್ನು ಅವ್ವ ಕೈಯಿಂದ ಮುಟ್ಟಿ ನೋಡಿದಳು. ಅಂದು ಮಧ್ಯಾಹ್ನ ಗಾಳಿ ಜೋರಾಯಿತು. ದಡದಲ್ಲಿ ನಿಂತು ನೋಡಿದಾಗ ಕಡಲ ಮೇಲೆ ದೂರದವರೆಗೆ ಬಿಳಿ ನೊರೆ. ದೋಣಿಯಲ್ಲಿದ್ದಿದ್ದರೆ ಈ ಹೊತ್ತಿಗೆ ನಾವು ಅಳಿವೆಯ ಒಳಗಿರಬೇಕಿತ್ತು ಎಂದು ಮಗಳು ಗಡಿಯಾರ ನೋಡಿ ಹೇಳಿದಳು.

ಗಂಗೊಳ್ಳಿಯಲ್ಲಿ ಐದು ಹೊಳೆ ಕೂಡುತ್ತವೆ: ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ. ಎದುರು ದಡದಲ್ಲಿ ಕುಂದಾಪುರ. ವಾರಾಹಿಯಲ್ಲಿ ಒಳಗೆ ಹೋದರೆ ಬಸರೂರು. 1665ರಲ್ಲಿ ಶಿವಾಜಿ ಮಾಲ್ವಣದಿಂದ ಹಡಗು ಕಟ್ಟಿಕೊಂಡು ಬಂದು ಮುತ್ತಿದಷ್ಟು ಸಿರಿ ಆ ಊರಿಗಿತ್ತು. ಇಂದು ಅಲ್ಲಿ ಹಡಗಿಲ್ಲ. ಗಂಗೊಳ್ಳಿಯ ದಕ್ಕೆಯಲ್ಲಿ ಮಾತ್ರ ಉಸಿರು ಬಿಡಲಾಗದಷ್ಟು ಕೆಲಸ. ಬುಟ್ಟಿ ಹೊತ್ತ ಹೆಂಗಸರು, ಮಂಜುಗಡ್ಡೆಯ ಲಾರಿಗಳು, ಬಲೆ ಹೆಣೆಯುವವರು. ನಾವು ಬ್ಯಾಡಗಿ ಕಡೆಯವರೆಂದು ತಿಳಿದ ಕೂಡಲೇ ಮೀನು ಮಾರುವ ಹೆಂಗಸೊಬ್ಬರ ಮುಖ ಅರಳಿತು. “ನಿಮ್ಮೂರ ಮೆಣಸಿಲ್ದೆ ನಮ್ಮ ಗಸಿಗೆ ಬಣ್ಣ ಎಲ್ಲಿಂದ ಬರತ್ತೆ?” ಎಂದರು. ಖಾರ ಕಡಿಮೆ, ಕೆಂಪು ಹೆಚ್ಚು ಇರುವ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಕರಾವಳಿಯ ಅಡುಗೆಮನೆ ಅದಕ್ಕೆ ಬಹಳ ಹಿಂದೆಯೇ ಮಾನ್ಯತೆ ಕೊಟ್ಟಿತ್ತು. ಅವ್ವ ಚೀಲದಿಂದ ಎರಡು ಬೊಗಸೆ ಮೆಣಸಿನಕಾಯಿ ತೆಗೆದು ಅವರ ಸೆರಗಿಗೆ ಹಾಕಿದಳು. ಕಟ್ಟಾ ಸಸ್ಯಾಹಾರಿಯಾದ ಅವಳಿಗೆ ಅವರು ಮರುದಿನ ತಮ್ಮ ಹಿತ್ತಲಿನ ತೆಂಗಿನಕಾಯಿ ತಂದುಕೊಟ್ಟರು. ನೂರಾರು ವರ್ಷ ಚಕ್ಕಡಿ ಮತ್ತು ಹಾಯಿ ನಡೆಸಿದ ವ್ಯವಹಾರ ಇದೇ.

ಕೋಡಿ ಬೆಂಗ್ರೆಯಲ್ಲಿ ಭೂಮಿ ಸಣ್ಣ ನಾಲಿಗೆಯಾಗಿ ಚಾಚಿದೆ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಅಲ್ಲಿಂದ ಹಂಗಾರಕಟ್ಟೆಗೆ ಬಾರ್ಜು ದಾಟುತ್ತದೆ, ಜನರ ಜೊತೆ ವಾಹನವನ್ನೂ ಹೊತ್ತು. ಹೊಳೆ ದಾಟಲು ಹಿಡಿಯುವ ಹೊತ್ತು ಸ್ವಲ್ಪವೇ. ರಸ್ತೆಯಲ್ಲಿ ಸುತ್ತಿ ಬರುವುದಾದರೆ ಬಹಳ ಹೊತ್ತು. ನೀರಿನ ದಾರಿ ಇಂದಿಗೂ ಜನರಿಗೆ ಲಾಭದ್ದು ಎಂಬುದಕ್ಕೆ ಆ ಬಾರ್ಜಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮಲ್ಪೆ ಸಾವಿರಕ್ಕೂ ಹೆಚ್ಚು ಯಾಂತ್ರಿಕ ದೋಣಿಗಳ ಬಂದರು. 2018ರ ಡಿಸೆಂಬರ್ 13ರಂದು ಇಲ್ಲಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಏಳು ಮಂದಿ ಮೀನುಗಾರರೊಂದಿಗೆ ಕಣ್ಮರೆಯಾಯಿತು; ಮರುವರ್ಷದ ಮೇ ತಿಂಗಳಲ್ಲಿ ಅದರ ಅವಶೇಷ ಮಹಾರಾಷ್ಟ್ರದ ಕಡಲಿನ ತಳದಲ್ಲಿ ಸಿಕ್ಕಿತು. ಜೀವಮಾನವಿಡೀ ನೀರಿನಲ್ಲಿರುವವರನ್ನೂ ಕಡಲು ಬಿಡುವುದಿಲ್ಲ. ಸೇಂಟ್ ಮೇರಿ ದ್ವೀಪಕ್ಕೆ ಹೋಗುವ ದೋಣಿಯಲ್ಲಿ ಜೀವರಕ್ಷಕ ಜಾಕೆಟ್ ತೊಡಲು ಬೇಸರಪಟ್ಟುಕೊಂಡವರಿಗೆ ಮಗಳು ಈ ಸಂಗತಿ ಹೇಳಿದಳು. ಎಲ್ಲರೂ ತೊಟ್ಟರು. ದ್ವೀಪದ ಕಂಬಗಲ್ಲುಗಳು ಲಾವಾ ತಣಿದು ಸೀಳಿದವು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅವನ್ನು ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ದ್ವೀಪದಿಂದ ಮರಳುವಾಗ ಬೆನ್ನಿಗೆ ಗಾಳಿ ಬಂತು, ಮುಂದೆ ಮಲ್ಪೆಯ ದಡ. ಕೃಷ್ಣನ ಹಡಗು ಕಂಡ ದಡ ಇದೇ ಅಲ್ಲವೇ ಎಂದು ಅವ್ವ ದೋಣಿಯವರನ್ನು ಕೇಳಿದಳು. ಅವರು ವಡಭಾಂಡೇಶ್ವರದ ಬಲರಾಮ ಗುಡಿಯ ಕಡೆ ಕೈ ತೋರಿ, “ಹೌದಮ್ಮಾ, ಅಲ್ಲೇ” ಎಂದರು.

ಅಂದು ಸಂಜೆ ಉಡುಪಿ. ಕಿಂಡಿಯ ಮುಂದೆ ನಿಂತ ಅವ್ವ ಕೈ ಮುಗಿದು, ನಮ್ಮೂರಿನ ಕೇಶವನ ಹೆಸರು ಹೇಳಿದಳು. ಕುಲದ ಕಾರಣಕ್ಕೆ ಬಾಗಿಲ ಹೊರಗೆ ನಿಂತ ಕನಕರ ಕಡೆಗೆ ಕೃಷ್ಣನೇ ತಿರುಗಿದನೆಂದು ಜನ ನಂಬಿಕೊಂಡು ಬಂದಿದ್ದಾರೆ. ಸರತಿಯಲ್ಲಿ ನಮ್ಮ ಹಿಂದೆ ನಿಂತಿದ್ದವರಲ್ಲಿ ಬೆಳಗ್ಗೆ ದಕ್ಕೆಯಲ್ಲಿ ಕಂಡ ಮೀನುಗಾರರ ಮನೆಯವರೂ ಇದ್ದರು. ಬಯಲಿನಿಂದ ನಡೆದು ಬಂದ ಭಕ್ತ, ಕಡಲಿನಿಂದ ತೇಲಿ ಬಂದ ದೇವರು ಒಂದೇ ಗೋಡೆಯ ಎರಡು ಬದಿಗೆ ನಿಂತದ್ದನ್ನು ಕಂಡ ಮೇಲೆ, ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದು ನಾವು ಮಾಡಿಕೊಂಡ ಭಾಗ ಸುಳ್ಳೆನಿಸಿತು.

ನಮ್ಮ ಹಾಗೆ ಬಯಲಿನಿಂದ ಬಂದು ಕಡಲಿಗಿಳಿಯಬೇಕೆನ್ನುವ ಮನೆಗಳಿಗೆ ಒಂದಿಷ್ಟು ಮಾತು. ಡಿಸೆಂಬರ್ ನಡುವಿನಿಂದ ಫೆಬ್ರವರಿಯೊಳಗೆ ಹೋಗಿ. ನೀರಿನ ಕೆಲಸ ಮಧ್ಯಾಹ್ನದೊಳಗೆ ಮುಗಿಸಿ. ಪರವಾನಗಿ ಕೇಳಿ ದೋಣಿ ಹತ್ತಿ. ಮಕ್ಕಳ ಅಳತೆಯ ಜಾಕೆಟ್ ಇಲ್ಲದಿದ್ದರೆ ಹತ್ತಬೇಡಿ. ಕಾರವಾರದ ಸುತ್ತ ನೌಕಾನೆಲೆಯ ನಿರ್ಬಂಧದ ನೀರಿದೆ, ಅಲ್ಲಿ ಸ್ಥಳೀಯರ ಮಾತು ಮೀರಬೇಡಿ. ಖಾಲಿ ಹೊಟ್ಟೆಯಲ್ಲೂ, ಬಿರಿಯುವಷ್ಟು ಉಂಡೂ ದೋಣಿಗೇರಬೇಡಿ. ಶುಂಠಿ ಜೊತೆಗಿರಲಿ, ಕುಡಿಯುವ ನೀರು ಲೆಕ್ಕಕ್ಕಿಂತ ಹೆಚ್ಚಿರಲಿ. ಕಡಲಿನ ಅಪಾಯಕ್ಕೆ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆ ಮನೆಯ ಎಲ್ಲರ ಫೋನಿನಲ್ಲಿರಲಿ. ಎಲ್ಲಕ್ಕಿಂತ ಮೇಲೆ, ಖಾಲಿ ದಿನಗಳನ್ನು ಇಟ್ಟುಕೊಳ್ಳಿ.

ಸರ್ಕಾರಕ್ಕೆ, ಕರ್ನಾಟಕ ಜಲಸಾರಿಗೆ ಮಂಡಳಿಗೆ ಒಂದು ಬೇಡಿಕೆ. ಕೊಚ್ಚಿಯಲ್ಲಿ 2023ರಿಂದ ವಾಟರ್ ಮೆಟ್ರೊ ದ್ವೀಪದಿಂದ ದ್ವೀಪಕ್ಕೆ ಜನರನ್ನು ಒಯ್ಯುತ್ತಿದೆ. ಮುಂಬಯಿಯಿಂದ ಮಾಂಡವಾಕ್ಕೆ 2020ರಿಂದ ವಾಹನಗಳನ್ನೂ ಹೊತ್ತ ಹಡಗು ಓಡುತ್ತಿದೆ. ಸುಮಾರು 320 ಕಿಲೋಮೀಟರ್ ಕರಾವಳಿ, ಒಂದು ಹಗಲಿನ ಅಂತರಕ್ಕೊಂದು ಬಂದರು, ಕಡಲನ್ನು ಅಂಗೈಯಂತೆ ಬಲ್ಲ ತಾಂಡೇಲರು ಇರುವ ನಮ್ಮಲ್ಲಿ ಸುಗ್ಗಿಯ ತಿಂಗಳುಗಳಲ್ಲಾದರೂ ತದಡಿಯಿಂದ ಮಲ್ಪೆಗೆ ಒಂದು ಸುರಕ್ಷಿತ ಪ್ರಯಾಣಿಕರ ದೋಣಿ ಓಡಿಸಬೇಕು, ಅದರ ಚುಕ್ಕಾಣಿ ಮೀನುಗಾರ ಮನೆಗಳ ಯುವಕ ಯುವತಿಯರ ಕೈಯಲ್ಲಿರಬೇಕು. ಹತ್ತಿ ಹೇರಿ ಕಡಲು ಕಂಡ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮಕ್ಕಳು ಅದರ ಮೊದಲ ಪ್ರಯಾಣಿಕರಾಗಲಿ.